ಹಲ್ಲಿಲ್ಲದ ಕರಡಿಯ ಬೆಲೆ

ಬ್ರಹ್ಮರಥೋತ್ಸವದ ಸುಮಾರಿಗೆ ಘಾಟಿ ಸುಬ್ರಹ್ಮಣ್ಯದಲ್ಲಿ ನೆರೆಯುವ ದನಗಳ ಜಾತ್ರೆಯಲ್ಲಿ ಎತ್ತಿನ ತುಟಿ ಬಿಡಿಸಿ, ಹಲ್ಲೆಣಿಸಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದು ರೂಢಿಯಾಗಿದ್ದು, ಬಾಯಿಗೂಡಿದ, ಎಂದರೆ ಎಂಟೂ ಹಲ್ಲು ಬಂದ, ಎತ್ತಿಗೆ ವಯಸ್ಸು ಏರಿದಷ್ಟೂ ಬೆಲೆ ಇಳಿಯುತ್ತದೆ. ಮೊಹೇರ್ ಎಂಬ ಅಂಗೋರಾ ಮೇಕೆಯ ಉಣ್ಣೆಬಟ್ಟೆಯನ್ನು ಕೈಯಿಂದ ಹೊಲಿದು, ಕೀಲುಗಳಿಂದ ಕೈಕಾಲು ಜೋಡಿಸಿ, ಆಟಕ್ಕಲ್ಲದೆ ಕಪಾಟಿಗೆಂದೇ ಮಾರುವ ಸಂಗ್ರಾಹಕರ ಟೆಡ್ಡಿ ಕರಡಿಯ ಶಾಸ್ತ್ರವೇ ತಲೆಕೆಳಗು. 1902ರಲ್ಲಿ ಕಟ್ಟಿಹಾಕಿದ ಕರಡಿಗೆ ಗುಂಡು ಹೊಡೆಯಲೊಪ್ಪದ ಅಮೆರಿಕದ ಅಧ್ಯಕ್ಷ ‘ಟೆಡ್ಡಿ’ ರೂಸ್‌ವೆಲ್ಟರಿಂದ ಹೆಸರು ಪಡೆದ ಈ ಪ್ರಾಣಿಗೆ ಹಲ್ಲೇ ಇಲ್ಲದ್ದರಿಂದ, ಜರ್ಮನಿಯ ಸ್ಟೈಫ್ ಕಂಪನಿಯದ್ದಾದರೆ ಕಿವಿ ಹಿಡಿದು ಲೋಹದ ಗುಂಡಿ ಹುಡುಕುತ್ತಾರೆ. ಮುಪ್ಪಾದಷ್ಟೂ ಬೆಲೆ ಹೆಚ್ಚು. ಮೇವಿನ ಖರ್ಚಿಲ್ಲ, ನುಸಿಯ ಭಯವೊಂದೇ. ಉಳುಮೆಗೆ ಮಾತ್ರ ಎತ್ತೇ ಆಗಬೇಕು.