ಹಾಡು ಹಳತು, ಹೊದಿಕೆ ಹೊಸತು

ಹಳೆಯ ಆಲ್ಬಂ ಮರುಬಿಡುಗಡೆಗೆ ಮೊದಲು ಶ್ರುತಿ ಸೇರಬೇಕಾದ್ದು ಬಣ್ಣಗಳು. 12 ಇಂಚಿನ ಎಲ್‌ಪಿ ಹೊದಿಕೆಗೆ ಬರೆದ ಚಿತ್ರ ಕ್ಯಾಸೆಟ್ಟಿಗೆ ಕುಗ್ಗಿ, ಈಗ ಮೊಬೈಲಿನಲ್ಲಿ ಉಗುರಿನಷ್ಟಾಗಿದೆ. ಅಕ್ಷರ, ಬಣ್ಣ, ಲಾಂಛನ ಎಲ್ಲೆಡೆ ಒಂದೇ ಮುಖ ತೋರಿಸಬೇಕು. ಅದಕ್ಕೇ ಸಭೆ, ಸಭೆಗೆ ಕಾಫಿ, ಕಾಫಿಗೆ ರಂಗ.

ಡಿಸೈನರ್: ಕಾಗದವನ್ನು ಮಾಸಿಸಿದ್ದೇವೆ. ಮೂಲೆಯಲ್ಲಿ ಕಾಫಿ ಕಲೆಯೂ ಇದೆ.

ರಂಗ: ಹೇಳಿದ್ರೆ ನಾನೇ ಪುಕ್ಕಟೆ ಚೆಲ್ತಿದ್ದೆ ಸಾರ್.

ಮಾಲೀಕ: ಧ್ವನಿ?

ಡಿಸೈನರ್: ಹಳೇ ಟೇಪಿನ ಗೊರಗೊರ ಎಲ್ಲ ತೊಳೆದು, ಹಳತೆನ್ನಿಸಲಿ ಅಂತ ಎಲ್‌ಪಿಯ ಚಟಪಟ ಸೇರಿಸಿದ್ದೇವೆ.

ರಂಗ: ನಮ್ಮಮ್ಮ ಅಕ್ಕಿ ಆರಿಸಿದ ಮೇಲೆ ಕಲ್ಲು ಹಾಕಲ್ಲ ಸಾರ್.

ಮಾಲೀಕ: ಇದು ಬ್ರ್ಯಾಂಡಿಂಗ್ ಕಣೋ!

ರಂಗ: ಓಹೋ. ನಮ್ಮೂರ ಬ್ಯಾಂಡಿನವರು ಊದಿ ಬಾರಿಸ್ತಾರೆ. ಇಲ್ಲಿ ಬರೀ ಬಿಡೋದು. ಅದಕ್ಕೇ ಬಿಡುಗಡೆ ಅನ್ನೋದಾ?

ಮಾಲೀಕ: ಹಿಂಬದಿಯಲ್ಲಿ ಕವಿ, ಗಾಯಕಿ, ತಬಲಾದವರ ಹೆಸರು?

ಡಿಸೈನರ್: ಖಾಲಿ ಜಾಗವೇ ನಮ್ಮ ಥೀಮು ಸಾರ್. ನಮ್ಮ ಸ್ಟುಡಿಯೋ ಹೆಸರು ಮಾತ್ರ ಇದೆ.

ಮಾಲೀಕ: ಭೇಷ್! ರಂಗಾ, ಇದ್ಯಾಕೋ ಕಾಫಿ ನೀರು ನೀರು?

ರಂಗ: ಬೆಳಗಿನ ಚರಟವೇ ಸಾರ್, ಮೂರನೇ ಮರುಬಿಡುಗಡೆ. ಲೋಟ ಮಾತ್ರ ಹೊಸದು.