ಕಾಯೋ ಜ್ವರ

ಬ್ರಿಟನ್ನಿಗೆ ಕೆಲಸಕ್ಕೆ ಹೋಗುವ ಹೆಚ್ಚಿನವರು ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಸರ್‌ಚಾರ್ಜ್ ತೆರಬೇಕು. 2015ರಲ್ಲಿ ವರ್ಷಕ್ಕೆ 200 ಪೌಂಡ್ ಇದ್ದದ್ದು 2024ರಿಂದ 1,035. ಡಾಕ್ಟರನ್ನು ಕಾಣುವುದು ಮಾತ್ರ ಉಚಿತ. ಹಾಗೆ ತೆತ್ತು ಹೋದ ಮಗ ಲೀಡ್ಸ್‌ನಲ್ಲಿ, ರಾಯರು ಮೈಸೂರಿನಲ್ಲಿ, ನಡುವೆ ಫೋನು.

"ಮೈ ಇನ್ನೂ ಕಾಯ್ತಿದೆಯೇನೋ?"

"ಮೈ ಜೊತೆ ನಾನೂ ಕಾಯ್ತಿದೀನಪ್ಪ."

"ಡಾಕ್ಟರ ಹತ್ರ ಹೆಸರು ಬರೆಸಿಲ್ವಾ?"

"ವಿಳಾಸದ ಪುರಾವೆ ಕೇಳಿದ್ರು. ನಿಯಮದ ಪ್ರಕಾರ ಕಡ್ಡಾಯ ಅಲ್ಲ ಅಂದೆ. ಹಾಗಂತ ಪುರಾವೆ ಕೊಡಿ ಅಂದ್ರು."

"ಬರೆಸಿದ್ಮೇಲೆ?"

"ಬೆಳಿಗ್ಗೆ 8ಕ್ಕೆ ಫೋನ್ ಮಾಡ್ಬೇಕು. ನನ್ನ ಸರದಿ ಬಂತು, ಅವತ್ತಿನ ಅಪಾಯಿಂಟ್‌ಮೆಂಟ್ ಮುಗೀತು. ನಾಳೆ 8ಕ್ಕೆ ಮಾಡಿ ಅಂದ್ರು."

"ದುಡ್ಡು ಮೊದ್ಲೇ ಕಟ್ಟಿದ್ಯಲ್ಲೋ?"

"ಅದಕ್ಕೊಂದು ಕಾಯಿಸ್ಲಿಲ್ಲ."

"ಜ್ವರಕ್ಕೆ ನೋಡು, ವಿಳಾಸದ ಪುರಾವೆ ಇಲ್ದೇ ಮನೆ ಸಿಕ್ಕಿದೆ!"