ತಪಾಸಣೆ ಮಾಡಿಸದೆ ಹಳೇ ಮನೆ ಕೊಳ್ಳುವ ವಿಧಾನ: ಬಳಕೆದಾರರ ಕೈಪಿಡಿ

ಬೆಂಗಳೂರಿನಲ್ಲಿ 20x30 ಸೈಟಿನ ಮೇಲೆ ಯಾರೋ ಯಾವಾಗಲೋ ಕಟ್ಟಿಸಿದ ಮನೆಯನ್ನು, ಅದರ ಕಂಬ, ತೊಲೆ, ಪಾಯಗಳ ಬಗ್ಗೆ ಏನೇನೂ ತಿಳಿದುಕೊಳ್ಳದೆ, ಇದುವರೆಗಿನ ಉಳಿತಾಯವನ್ನೂ ಇನ್ನು ಇಪ್ಪತ್ತು ವರ್ಷದ ಸಂಬಳವನ್ನೂ ಸುರಿದು ಕೊಳ್ಳುವುದು ಹೇಗೆಂದು ಈ ಕೈಪಿಡಿ ತಿಳಿಸುತ್ತದೆ. ಸೂಚನೆಗಳನ್ನು ಕೊಟ್ಟ ಕ್ರಮದಲ್ಲೇ ಪಾಲಿಸಿ. ನಡುವೆ ಅನುಮಾನ ಬಂದರೆ ಒಂದು ಲೋಟ ನೀರು ಕುಡಿದು ಮುಂದಿನ ಹಂತಕ್ಕೆ ಹೋಗಿ.

1. ಬೇಕಾಗುವ ಸಾಮಗ್ರಿ

ವಕೀಲರು ಒಬ್ಬರು. ವಾಸ್ತು ಹೇಳುವವರು ಒಬ್ಬರು. ಬ್ರೋಕರ್ ಒಬ್ಬರು (ಎರಡನೆಯವರು ತಾವಾಗಿಯೇ ಬಂದು ಸೇರಿಕೊಳ್ಳುತ್ತಾರೆ). ಸೋದರಮಾವ ಒಬ್ಬರು. ಈ ಸೋದರಮಾವ ಯಾವುದೋ ಕಾಲದಲ್ಲಿ ಮೇಸ್ತ್ರಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಸ್ವಂತ ಮನೆ ಕಟ್ಟಿಸಿದವರಾಗಿದ್ದರೆ ಒಳ್ಳೆಯದು. ಅಂಥವರು ಕ್ಯೂರಿಂಗ್ ಬಗ್ಗೆ ಒಂದು ಗಂಟೆ ಮಾತಾಡಬಲ್ಲರು, ಇಂಜಿನಿಯರುಗಳನ್ನು ನಂಬುವುದಿಲ್ಲ.

ಪಟ್ಟಿಯಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ಇಲ್ಲದಿರುವುದು ಅಚ್ಚಿನ ತಪ್ಪಲ್ಲ. ಲೆಕ್ಕ ನೋಡಿ. ಮನೆಯ ಬೆಲೆ 80 ಲಕ್ಷ ಎಂದುಕೊಳ್ಳೋಣ. ಸೆಸ್ಸು, ಸರ್‌ಚಾರ್ಜು ಸೇರಿ ಸ್ಟಾಂಪ್ ಡ್ಯೂಟಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2. ಇವೆರಡೇ 6 ಲಕ್ಷ ದಾಟುತ್ತವೆ. ಬ್ರೋಕರಿಗೆ ಶೇ. 1 ಎಂದರೂ 80 ಸಾವಿರ. ವಾಸ್ತುವಿನವರ ದಕ್ಷಿಣೆ, ಗೃಹಪ್ರವೇಶದ ಊಟ ಬೇರೆ. ಇಷ್ಟೆಲ್ಲ ಆದಮೇಲೆ, ಬ್ರೋಕರ್ ಕಮಿಷನ್ನಿನ ಒಂದು ಪಾಲಿನಷ್ಟು ಫೀಸನ್ನು ಇಂಜಿನಿಯರಿಗೆ ಕೊಡಬೇಕೆಂದರೆ ಅದು ದುಂದುವೆಚ್ಚ.

2. ಕಾಗದ ಮತ್ತು ದಿಕ್ಕು

ಮದರ್ ಡೀಡ್, ಇಸಿ, ಇ-ಖಾತಾ, ತೆರಿಗೆ ರಸೀದಿ, ಒಂದನ್ನೂ ಬಿಡದೆ ವಕೀಲರಿಂದ ಓದಿಸಿ. ಇದರಲ್ಲಿ ತಮಾಷೆ ಏನಿಲ್ಲ, ಓದಿಸಲೇಬೇಕು. ಆದರೆ ಓದಿಸಿದ ಮೇಲೆ ಮನೆಯ ಪರೀಕ್ಷೆಯೇ ಮುಗಿಯಿತೆಂದು ನಂಬಿ. ಇಸಿಯಲ್ಲಿ ಮನೆಯ ಮೇಲಿರುವ ಸಾಲ ಕಾಣುತ್ತದೆ, ಕಂಬದ ಮೇಲಿರುವ ಭಾರ ಕಾಣುವುದಿಲ್ಲ.

ಆಮೇಲೆ ವಾಸ್ತು. ಬಾಗಿಲು ಪೂರ್ವಕ್ಕಿದೆಯೇ, ಒಲೆ ಆಗ್ನೇಯದಲ್ಲಿದೆಯೇ, ಸಂಪು ಈಶಾನ್ಯದಲ್ಲಿದೆಯೇ ಎಂದು ನೋಡಿಸಿ. ಸಂಪು ಸೋರುತ್ತಿದೆಯೇ ಎಂದು ನೋಡಿಸಬೇಡಿ. ಈಶಾನ್ಯದಲ್ಲಿ ಸೋರಿದರೆ ಶುಭವೇ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಸುಳಿ ನೋಡುತ್ತಾನೆ, ನಿಜ. ಅಷ್ಟಕ್ಕೇ ನಿಲ್ಲದೆ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ನಾವು ವಿದ್ಯಾವಂತರು, ಸುಳಿ ನೋಡಿ ಸುಮ್ಮನಾಗೋಣ.

3. ಮನೆ ನೋಡುವ ಕ್ರಮ

ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಸುಡುಬಿಸಿಲಿನಲ್ಲಿ ಹೋಗಿ. ಬೆಂಗಳೂರಿನ ಜೋರುಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಆಗ ಹೋದರೆ ಗೋಡೆ ತಳದ ತೇವ, ಸೂರಿನ ಕಲೆ, ಸಂಪಿನೊಳಕ್ಕೆ ನುಗ್ಗುವ ರಸ್ತೆಯ ನೀರು ಎಲ್ಲ ಒಟ್ಟಿಗೆ ಕಂಡು ಮನಸ್ಸು ಕೆಡುತ್ತದೆ.

ಪೇಂಟಿನ ವಾಸನೆ ಇನ್ನೂ ಹೋಗಿಲ್ಲದ ಮನೆಗೆ ಆದ್ಯತೆ ಕೊಡಿ. ಮೇಲೆ ಥಳಕು ಒಳಗೆ ಹುಳುಕು ಎಂದವರು ಪುಟ್ಟಿ ಕಂಡವರಲ್ಲ. ಪುಟ್ಟಿ ಬಳಿದು ಎರಡು ಕೋಟ್ ಹೊಡೆದರೆ ಯಾವ ಹುಳುಕೂ ಒಂದು ಮಳೆಗಾಲದ ತನಕ ಬಾಯಿ ಬಿಡುವುದಿಲ್ಲ. ಹಾಲಿನಲ್ಲಿ ಹೊಸದಾಗಿ ಫಾಲ್ಸ್ ಸೀಲಿಂಗ್ ಹಾಕಿಸಿದ್ದರೆ ಅದರ ಲೈಟುಗಳನ್ನು ಹೊಗಳಿ. ಅದರ ಮೇಲೆ ಮೋಲ್ಡ್ ಹೇಗಿದೆ ಎಂದು ಕೇಳುವುದು ಅಸಭ್ಯತೆ.

ಸೋದರಮಾವನವರು ಈಗ ಗೋಡೆಗೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿಯಲಿ. "ಗಟ್ಟಿ ಇದೆ ಕಣಯ್ಯ" ಎಂದು ಅವರು ಅಂದರೆ ಪರೀಕ್ಷೆ ಸಂಪೂರ್ಣ. ಅವರು ಬಡಿದದ್ದು ಎರಡು ಕಂಬಗಳ ನಡುವೆ ಕಟ್ಟಿದ ಇಟ್ಟಿಗೆ ಗೋಡೆಗೆ. ಮನೆಯ ಭಾರ ಹೊತ್ತ ಕಂಬ ವಾರ್ಡ್‌ರೋಬಿನ ಹಿಂದೆ ಎಲ್ಲೋ ಇದೆ.

ತಾರಸಿಗೆ ಹೋಗಬೇಡಿ. ಹೋದರೆ ಮಹಡಿ ಎಣಿಸುವ ಚಪಲ ಬರುತ್ತದೆ. ಮಂಜೂರಾದ ಪ್ಲ್ಯಾನಿನಲ್ಲಿ ನೆಲಮಹಡಿ ಮತ್ತು ಮೇಲೆ ಎರಡು. ಕಣ್ಣೆದುರಿಗೆ ಮೇಲೆ ನಾಲ್ಕು, ಅದರ ನೆತ್ತಿಗೆ ಒಂದು ಶೀಟಿನ ರೂಮು, ಶೀಟಿನ ರೂಮಿನ ಪಕ್ಕ ಮೂರು ನೀರಿನ ಟ್ಯಾಂಕು. 1,000 ಲೀಟರಿನ ಟ್ಯಾಂಕ್ ತುಂಬಿದರೆ ನೀರೇ 1 ಟನ್. ಮೇಲೆ ಎರಡೇ ಮಹಡಿಯೆಂಬ ಲೆಕ್ಕಕ್ಕೆ ಹಾಕಿದ ಪಾಯಕ್ಕೆ ಈ ಹೊಸ ಸಂಸಾರದ ಸುದ್ದಿಯನ್ನು ಇನ್ನೂ ಯಾರೂ ತಿಳಿಸಿಲ್ಲ. ನೀವೂ ತಿಳಿಸಬೇಡಿ.

4. ತೊಂದರೆ ಕಂಡುಬಂದರೆ

ಲಕ್ಷಣ: ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು. ಬ್ರೋಕರ್ ಹೇಳುವುದು: "ಬರೀ ಪ್ಲಾಸ್ಟರ್ ಸಾರ್, ಯಾವ ಮನೇಲಿಲ್ಲ ಹೇಳಿ." ಈ ಮಾತನ್ನು ಪೂರ್ತಿ ಸುಳ್ಳೆನ್ನಲಾಗದು, ಕೂದಲೆಳೆಯಂಥ ಬಿರುಕುಗಳಲ್ಲಿ ಹೆಚ್ಚಿನವು ಗಾರೆಯವೇ. ಆದರೆ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣ, ಗೋಡೆಯ ಹೊರಮೈಯಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ ಎಂದರೆ ಪಾಯ ಒಂದು ಕಡೆ ಕೂತಿರಬಹುದು. ಇಂಜಿನಿಯರಾದರೆ ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದು ಹೋಗುತ್ತಾನೆ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಪರಿಹಾರ: ಅಲ್ಲಿಗೆ ಕ್ಯಾಲೆಂಡರ್ ತೂಗುಹಾಕಿ.

ಲಕ್ಷಣ: ಬಾತ್‌ರೂಮಿನ ಕೆಳಗಿನ ಸೂರಿನಲ್ಲಿ ಕಂದು ಕಲೆ, ಗಾರೆ ಉದುರಿ ಕಂಬಿ ಕಾಣುವುದು. ಬ್ರೋಕರ್ ಹೇಳುವುದು: "ಟೈಲ್ಸ್ ಜಾಯಿಂಟಿಗೆ ವೈಟ್ ಸಿಮೆಂಟ್ ತುಂಬಿದ್ರೆ ಮುಗೀತು ಸಾರ್." ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿನಿಂದ ಆರು ಪಟ್ಟಿನ ತನಕ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಇದನ್ನು ತಡೆಯಲೆಂದೇ ಐಎಸ್ 456 ಎಂಬ ನಮ್ಮ ಕಾಂಕ್ರೀಟ್ ಸಂಹಿತೆ ಮೋಲ್ಡಿನ ಕಂಬಿಗೆ ಕಡಿಮೆಯೆಂದರೂ 20 ಮಿಲಿಮೀಟರ್, ಕಂಬಗಳಲ್ಲಿ ಸಾಮಾನ್ಯವಾಗಿ 40 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಕೇಳುತ್ತದೆ. ಕಾಂಕ್ರೀಟ್ ಸುರಿಯುವ ದಿನ ಕಂಬಿಯ ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದರೋ ಇಲ್ಲವೋ ಆ ದಿನದ ಮೇಸ್ತ್ರಿಗೇ ಗೊತ್ತು. ಪರಿಹಾರ: ಮೇಲೆ ನೋಡಬೇಡಿ.

ಲಕ್ಷಣ: ಬಾಗಿಲು ಸರಿಯಾಗಿ ಹಾಕಿಕೊಳ್ಳುವುದಿಲ್ಲ. ಬ್ರೋಕರ್ ಹೇಳುವುದು: "ಟೀಕ್ ಸಾರ್, ಸ್ವಲ್ಪ ಉಬ್ಬಿದೆ." ಒಂದು ಬಾಗಿಲಾದರೆ ಮರದ್ದೇ ತಪ್ಪಿರಬಹುದು. ಒಂದೇ ಸಾಲಿನ ಮೂರು ಬಾಗಿಲೂ ಒಂದೇ ಮೂಲೆಯಲ್ಲಿ ತಾಗುತ್ತಿದ್ದರೆ ಮರ ನಿರಪರಾಧಿ. ಪರಿಹಾರ: ಬಡಗಿಯಿಂದ ಉಜ್ಜುಗೊರಡು ಹಾಕಿಸಿ.

ಲಕ್ಷಣ: ಹಾಲು ವಿಶಾಲವಾಗಿದೆ, ಅಡುಗೆಮನೆ ತೆರೆದಿದೆ, ನಡುವೆ ಗೋಡೆಯೇ ಇಲ್ಲ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಕಂಬಗಳಿಲ್ಲ, ಸೂರನ್ನು ಹೊರುವುದು ಗೋಡೆಯೇ. ತೆಗೆದ ಗೋಡೆ ಹೊತ್ತಿದ್ದ ಭಾರವನ್ನು ಈಗ ಯಾವುದು ಹೊತ್ತಿದೆ ಎಂಬ ಪ್ರಶ್ನೆ ನಿಮ್ಮ ಮನಸ್ಸಿಗೆ ಬಂದೀತು. ಪರಿಹಾರ: ಸೋಫಾ ಎಲ್ಲಿಡುವುದೆಂದು ಯೋಚಿಸಿ.

5. ಮಾಡಬಾರದ ಕೆಲಸ

ಯಾವ ಕಾರಣಕ್ಕೂ ಸ್ಟ್ರಕ್ಚರಲ್ ಇಂಜಿನಿಯರನ್ನು ಮನೆಗೆ ಕರೆತರಬೇಡಿ. ಆತ ಬಂದೊಡನೆ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳುತ್ತಾನೆ. ಓನರ್ ಮುಖ ನೋಡುತ್ತಾನೆ. ಕಂಬಕ್ಕೆ ರಿಬೌಂಡ್ ಹ್ಯಾಮರ್ ಒತ್ತಿ, ಅದು ಎಷ್ಟು ಪುಟಿಯಿತೆಂಬುದರಿಂದ ಕಾಂಕ್ರೀಟಿನ ಮೇಲ್ಮೈಯ ಗಡಸುತನ ಅಳೆಯುತ್ತಾನೆ. ಕಂಬದ ಎರಡು ಬದಿಗೆ ಸಾಧನ ಹಿಡಿದು ಶ್ರವಣಾತೀತ ಶಬ್ದ ಹಾಯಿಸುತ್ತಾನೆ. ಶಬ್ದ ಸೆಕೆಂಡಿಗೆ 3.5 ಕಿಲೋಮೀಟರಿಗಿಂತ ವೇಗವಾಗಿ ದಾಟಿದರೆ ಕಾಂಕ್ರೀಟ್ ಒಳ್ಳೆಯದು, ಅದಕ್ಕಿಂತ ಇಳಿದರೆ ಒಳಗೆ ಪೊಳ್ಳೋ ಬಿರುಕೋ ಇರುವ ಅನುಮಾನ. ಕಂಬಿ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಪತ್ತೆಹಚ್ಚುವ ಯಂತ್ರವನ್ನು ಗೋಡೆಯುದ್ದಕ್ಕೂ ಸವರುತ್ತಾನೆ. ಓನರ್ ಒಪ್ಪಿದರೆ ಒಂದು ಚೂರು ಕೆತ್ತಿ ಫಿನಾಲ್ಫ್ತಲೀನ್ ಸಿಂಪಡಿಸುತ್ತಾನೆ. ಗುಲಾಬಿ ಬಣ್ಣ ಬಂದರೆ ಕಂಬಿಯನ್ನು ಕಾಯುವ ಕ್ಷಾರ ಕಾಂಕ್ರೀಟಿನಲ್ಲಿ ಇನ್ನೂ ಇದೆ, ಬಣ್ಣ ಬರದಿದ್ದರೆ ಅಷ್ಟು ಆಳಕ್ಕೆ ಕಾವಲು ಮುಗಿದಿದೆ.

ಕೊನೆಗೆ ವರದಿ ಬರೆಯುತ್ತಾನೆ. ಬಿರುಕುಗಳ ನಕ್ಷೆ, ಫೋಟೊ, ಅಳತೆ, ಯಾವುದನ್ನು ಈಗಲೇ ರಿಪೇರಿ ಮಾಡಬೇಕು, ಯಾವುದು ಕಾಯಬಹುದು, ಅಂದಾಜು ಖರ್ಚೆಷ್ಟು. ಕಣ್ಣಿಗೆ, ಉಪಕರಣಕ್ಕೆ ಸಿಕ್ಕಿದ್ದಷ್ಟೇ ಇದರಲ್ಲಿದೆ, ಮಣ್ಣಿನಡಿಯ ಪಾಯಕ್ಕೆ ನಾನು ಜಾಮೀನಲ್ಲ ಎಂದೂ ಪ್ರಾಮಾಣಿಕವಾಗಿ ಸೇರಿಸುತ್ತಾನೆ. ಇಂಥ ವರದಿ ಕೈಯಲ್ಲಿದ್ದರೆ ನಿಮಗೆ ಚೌಕಾಸಿ ಮಾಡುವ ಕೆಟ್ಟ ಬುದ್ಧಿ ಬರುತ್ತದೆ.

ಯಾರಾದರೂ ಕೇಳಿದರೆ, "ಬ್ಯಾಂಕಿನವರೇ ಇಂಜಿನಿಯರನ್ನು ಕಳಿಸಿ ನೋಡಿಸಿದ್ದಾರಲ್ಲ" ಎಂದು ಹೇಳಿ ಬಾಯಿ ಮುಚ್ಚಿಸಿ. ಬ್ಯಾಂಕಿನ ವ್ಯಾಲ್ಯುಯರ್ ಬಂದದ್ದು ನೀವು ಕಂತು ಕಟ್ಟದಿದ್ದರೆ ಈ ಆಸ್ತಿ ಎಷ್ಟಕ್ಕೆ ಹೋಗುತ್ತದೆಂದು ತಿಳಿಯಲು. ನೆಲದ ಬೆಲೆಯೇ ಸಾಲವನ್ನು ಮೀರುವ ಊರಿನಲ್ಲಿ ಮೇಲಿನ ಕಟ್ಟಡ ನೆಟ್ಟಗಿದೆಯೋ ಇಲ್ಲವೋ ಎಂಬ ಚಿಂತೆ ಬ್ಯಾಂಕಿಗಿಂತ ನಿಮಗೇ ಜಾಸ್ತಿ ಇರಬೇಕಿತ್ತು.

6. ಪ್ರಾದೇಶಿಕ ಸೂಚನೆಗಳು

ಧಾರವಾಡ, ಗದಗ, ವಿಜಯಪುರದ ಎರೆ ಸೀಮೆ: ಮಣ್ಣು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಪಾಯವನ್ನು ಅದಕ್ಕೆ ತಕ್ಕಂತೆ ಹಾಕದಿದ್ದರೆ ಮನೆಯೂ ಜೊತೆಗೆ ಉಸಿರಾಡುತ್ತದೆ. ಬಿರುಕಿಗೆ ವರ್ಷವರ್ಷ ಸಿಮೆಂಟ್ ತುಂಬಿ. ಅದೊಂದು ಹಬ್ಬವೆಂದು ತಿಳಿಯಿರಿ.

ಮಂಗಳೂರು, ಉಡುಪಿ, ಕಾರವಾರ: ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಸಮುದ್ರ ಕಾಣುವ ಬಾಲ್ಕನಿಯಲ್ಲಿ ನಿಂತು ಸಮುದ್ರವನ್ನೇ ನೋಡಿ, ಬಾಲ್ಕನಿಯ ಅಡಿಭಾಗ ನೋಡಬೇಡಿ.

ಕೊಡಗು: ಮನೆಯ ಹಿಂದೆ ಗುಡ್ಡವನ್ನು ನೆಟ್ಟಗೆ ಕಡಿದಿದ್ದರೆ ಹಸಿರು ನೋಟ ಹತ್ತಿರದಲ್ಲೇ ಸಿಗುತ್ತದೆ. 2018ರ ಆಗಸ್ಟ್‌ನ ಭೂಕುಸಿತ ನೆನಪಿಗೆ ಬಂದರೆ ಕಾಫಿ ತರಿಸಿಕೊಳ್ಳಿ.

ಬೆಂಗಳೂರು: ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಬಡಾವಣೆಯ ಹೆಸರು ಲೇಕ್ ವ್ಯೂ ಎಂದಿದ್ದು ಕೆರೆ ಎಲ್ಲೂ ಕಾಣದಿದ್ದರೆ ಹುಡುಕಬೇಡಿ, ನೀವು ಅದರ ಮೇಲೆಯೇ ನಿಂತಿರಬಹುದು. ಮಣ್ಣು ತುಂಬಿ ಮುಚ್ಚಿದ ನೆಲ ಎಷ್ಟು ಕೂತಿದೆ, ಇನ್ನೆಷ್ಟು ಕೂರಲಿದೆ ಎಂಬುದು ಆಮೇಲೆ ತಾನಾಗಿ ತಿಳಿಯುತ್ತದೆ.

7. ಅಡ್ವಾನ್ಸ್

ಇಡೀ ವಿಧಾನದ ಕೀಲಿ ಇಲ್ಲಿದೆ. ಮನೆ ನೋಡಿದ ದಿನವೇ ಬ್ರೋಕರ್ ಮೊಬೈಲ್ ನೋಡಿಕೊಂಡು, "ಇನ್ನೊಂದು ಪಾರ್ಟಿ ಸಂಜೆ ಟೋಕನ್ ತಗೊಂಡು ಬರ್ತಾವ್ರೆ ಸಾರ್" ಎನ್ನುತ್ತಾನೆ. ಆ ಪಾರ್ಟಿಯನ್ನು ಯಾರೂ ಕಂಡಿಲ್ಲ. ಆದರೂ ಕೂಡಲೇ ಟೋಕನ್ ಕೊಟ್ಟುಬಿಡಿ.

ಕೊಟ್ಟ ಮರುಕ್ಷಣ ನಿಮ್ಮಲ್ಲೊಂದು ಬದಲಾವಣೆ ಆಗುತ್ತದೆ. ಬೆಳಿಗ್ಗೆ ತನಕ ಕೊಳ್ಳುವವರಾಗಿದ್ದ ನೀವು ಈಗ ಆ ಮನೆಯ ವಕೀಲರು. ಹೆಂಡತಿ ಬಿರುಕು ತೋರಿಸಿದರೆ "ಪ್ಲಾಸ್ಟರ್ ಕಣೆ" ಎನ್ನುತ್ತೀರಿ. ತಮ್ಮ ಕಲೆ ತೋರಿಸಿದರೆ "ವೈಟ್ ಸಿಮೆಂಟ್ ತುಂಬಿದ್ರೆ ಮುಗೀತು" ಎನ್ನುತ್ತೀರಿ. ಬ್ರೋಕರ್ ಇನ್ನು ಬಾಯಿ ತೆರೆಯಬೇಕಾಗಿಯೇ ಇಲ್ಲ. ಇಷ್ಟಾದ ಮೇಲೆ ಇಂಜಿನಿಯರ್ ಬಂದರೂ ನಿಮಗೆ ಬೇಕಾಗಿರುವುದು ವರದಿಯಲ್ಲ, ಸಮಾಧಾನ.

8. ವಾರಂಟಿ

ರೇರಾದಲ್ಲಿ ನೋಂದಾಯಿಸಿದ ಹೊಸ ಯೋಜನೆಯ ಫ್ಲ್ಯಾಟಾದರೆ, 2016ರ ಕಾಯಿದೆಯ 14ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ 5 ವರ್ಷದೊಳಗೆ ರಚನೆಯ ದೋಷ ತೋರಿಸಿಕೊಟ್ಟರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು. ನೀವು ಕೊಳ್ಳುತ್ತಿರುವುದು ಹಳೇ ಮನೆ. ಆ ಅವಧಿ ಎಂದೋ ಕಳೆದಿದೆ. ಉಳಿದಿರುವುದು 1882ರ ಆಸ್ತಿ ವರ್ಗಾವಣೆ ಕಾಯಿದೆ. ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವನಿಗೆ ಕಾಣದಂಥ, ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನು ಹೇಳಬೇಕೆಂದು ಅದರ 55ನೇ ಸೆಕ್ಷನ್ ವಿಧಿಸುತ್ತದೆ. ಅವನಿಗೆ ಗೊತ್ತಿತ್ತು, ನಿಮಗೆ ಕಾಣುವಂತಿರಲಿಲ್ಲ ಎಂದು ನ್ಯಾಯಾಲಯದಲ್ಲಿ ಸಾಬೀತು ಮಾಡಲು ಹೊರಟವರಿಗೆ ದೀರ್ಘಾಯುಷ್ಯ ಕೋರುತ್ತೇವೆ.

ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ರಚನೆಯ ತಪಾಸಣೆ ಕಡ್ಡಾಯ. ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರು ಸರ್ವೇಯರನ್ನು ನೇಮಿಸುವುದು ಮಾಮೂಲಿ. ಮೂರು ಹಂತದ ಸರ್ವೆಗಳಲ್ಲಿ ಹಳೇ ಮನೆಗೆ ಮೂರನೆಯದನ್ನು, ಎಲ್ಲಕ್ಕಿಂತ ವಿವರವಾದದ್ದನ್ನು ಮಾಡಿಸುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಯಾರೂ ಬಲವಂತ ಮಾಡುವುದಿಲ್ಲ.

ಕಣ್ಣಿಗೆ ಕಾಣದ ದೋಷ ಏನು ಮಾಡಬಲ್ಲದು? 2022ರ ಫೆಬ್ರುವರಿಯಲ್ಲಿ ಗುರುಗ್ರಾಮದ ಸೆಕ್ಟರ್ 109ರಲ್ಲಿ, ಜನ ವಾಸವಿದ್ದ ಗೋಪುರವೊಂದರ ಆರನೇ ಮಹಡಿಯ ಫ್ಲ್ಯಾಟಿನ ನೆಲ ಕುಸಿದು ಕೆಳಗಿನ ಮಹಡಿಗಳನ್ನೂ ಎಳೆದುಕೊಂಡು ಹೋಯಿತು. ಇಬ್ಬರು ಸತ್ತರು. ಆಮೇಲೆ ಪರೀಕ್ಷಿಸಿದ ಐಐಟಿ ದೆಹಲಿಯ ತಜ್ಞರಿಗೆ ಕಂಡದ್ದು ಕಾಂಕ್ರೀಟಿನಲ್ಲಿ ಸೇರಿಕೊಂಡಿದ್ದ ಕ್ಲೋರೈಡ್ ಮತ್ತು ಅದರಿಂದ ತುಕ್ಕು ಹಿಡಿದ ಕಂಬಿ.

9. ಈ ಕೈಪಿಡಿ ಒಗ್ಗದವರಿಗೆ

ಮನೆ ಮೆಚ್ಚಿಗೆಯಾದರೆ ಓನರಿಗೆ ನೇರವಾಗಿ ಹೇಳಿ: ಇಂಜಿನಿಯರ್ ನೋಡಿದ ಮೇಲೆಯೇ ಟೋಕನ್. ಬೇಡವೆನ್ನುವ ಓನರ್ ಅರ್ಧ ವರದಿಯನ್ನು ಪುಕ್ಕಟೆ ಕೊಟ್ಟಂತೆ. ಬ್ರೋಕರಿನ ಪರಿಚಯದವರನ್ನು ಬಿಟ್ಟು ನೀವೇ ಇಂಜಿನಿಯರನ್ನು ಹುಡುಕಿ, ಅವರನ್ನು ಮೂರೇ ಮಾತು ಕೇಳಿ: ಏನು ಕೆಟ್ಟಿದೆ, ಅದು ಬೆಳೆಯುತ್ತದೆಯೇ, ಸರಿಮಾಡಲು ಎಷ್ಟಾಗುತ್ತದೆ. ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ, ಕಳೆಯಲಾಗದಷ್ಟಿದ್ದರೆ ಮನೆಯನ್ನೇ ಬಿಡಿ. ಕೈಯಿಂದ ದುಡ್ಡು ಹೋಗದೆ ಒಂದು ಮನೆಯನ್ನು ಬೇಡವೆನ್ನಲು ಸಾಧ್ಯವಿರುವುದು ಅಡ್ವಾನ್ಸ್ ಕೊಡುವ ಹಿಂದಿನ ದಿನದವರೆಗೆ ಮಾತ್ರ. ಇಂಜಿನಿಯರನ್ನು ಅಷ್ಟರೊಳಗೆ ಕರೆಸಿ.